ಹೊಳೆಯ ಮೀನೂ ಊರಿನ ಗಟಾರವೂ

ಮನುಷ್ಯನು ಬಿಸುಟ ಹೊಲಸು ನೀರನ್ನು ಸೇರಿ ಮೀನು, ಆಮೆ, ಏಡಿ ಮೊದಲಾದ ಜಲಚರಗಳಿಗೆ ಹೇಗೆ ಮೃತ್ಯುವಾಗಿ ಪರಿಣಮಿಸುವದೆಂಬುದನ್ನು ನಮ್ಮ ಶಾಲೆಗಳ ಮಕ್ಕಳು ಇಂದು ಪಾಠವಾಗಿ ಕಲಿಯುತ್ತಲಿದ್ದಾರೆ. ೧೯೯೧ನೆಯ ಇಸವಿಯ ನವೆಂಬರ ೨೨ರಂದು ಸುಪ್ರೀಮ ಕೋರ್ಟು, ಎಂ. ಸಿ. ಮೆಹತಾ ಅವರ ಅರ್ಜಿಯ ಮೇಲೆ, ಪರಿಸರದ ಶಿಕ್ಷಣವನ್ನು ಶಾಲೆಗಳಲ್ಲಿ ಕಡ್ಡಾಯದ ವಿಷಯವನ್ನಾಗಿ ಮಾಡಬೇಕೆಂದು ಅಪ್ಪಣೆ ಮಾಡಿತು. ೨೦೦೩ರಲ್ಲಿ ಅದನ್ನೇ ಮತ್ತೊಮ್ಮೆ ಒತ್ತಿ ಹೇಳಿತು. ಈ ನಡುವೆ, ೨೦೦೧-೦೨ರಿಂದ, ರಾಷ್ಟ್ರೀಯ ಹಸಿರು ಪಡೆಯೆಂಬ ಹೆಸರಿನಲ್ಲಿ ಶಾಲೆಶಾಲೆಗೂ ಪರಿಸರ ಸಂಘಗಳು ಹುಟ್ಟಿಕೊಂಡವು. ಕೆಳಗಿನ ತರಗತಿಗಳಿಗೆ ಪರಿಸರ ಅಧ್ಯಯನವೆಂಬ ಪುಸ್ತಕವೇ ಇರುವದು. ಇದೆಲ್ಲವೂ ಹೊಗಳತಕ್ಕ ಸಂಗತಿಯೇ ಸರಿ.

ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಸದ್ಗೃಹಸ್ಥರಲ್ಲಿ ಕೆಲವರು ಈ ಪಾಠದ ಮಾತು ಬಂದಾಗ ನಕ್ಕುಬಿಡುವದನ್ನು ನಾವು ಬಲ್ಲೆವು. “ಸಮುದ್ರವನ್ನು ಕಣ್ಣಿನಿಂದ ಕಾಣದ ನಮ್ಮ ಹುಡುಗರಿಗೆ ಸಮುದ್ರದ ಆಮೆಯ ಗೋಳನ್ನು ಹೇಳಿ ಏನು ಪ್ರಯೋಜನ? ಕಬ್ಬು, ತಂಬಾಕು, ಗೋವಿನಜೋಳಗಳ ಈ ಸೀಮೆಗೂ ಸಮುದ್ರಕ್ಕೂ ಎಲ್ಲಿಯ ಸಂಬಂಧ?” ಎಂಬುದು ಅವರ ಪ್ರಶ್ನೆ. ಪ್ರಶ್ನೆಯು ನ್ಯಾಯವಾದದ್ದು; ಉತ್ತರಕ್ಕೆ ಯೋಗ್ಯವಾದದ್ದು. ಆ ಉತ್ತರವು ಹುಡುಗರಿಗಿಂತಲೂ ಹಿರಿಯರಿಗೇ ಹೆಚ್ಚು ಸಲ್ಲತಕ್ಕದ್ದೆಂದು ತೋರಿಸಿಕೊಡುವದು ಈ ಲೇಖನದ ಉದ್ದೇಶವಾಗಿದೆ.

ಮೊದಲು ನಮ್ಮ ನೀರಿನ ದಾರಿಯನ್ನು ನೋಡೋಣ. ಕೃಷ್ಣೆಯು ಮಹಾಬಳೇಶ್ವರದಲ್ಲಿ ಹುಟ್ಟುವಳು. ಅಲ್ಲಿಂದ ಅರಬ್ಬೀ ಸಮುದ್ರವು ಪಡುವಣಕ್ಕೆ ಸುಮಾರು ೬೪ ಕಿಲೋಮೀಟರ ಮಾತ್ರ. ಆದರೂ ಅವಳು ಆ ಹತ್ತಿರದ ಸಮುದ್ರಕ್ಕೆ ಬೆನ್ನು ಮಾಡಿ ಮೂಡಣಕ್ಕೆ ತಿರುಗಿ, ಸುಮಾರು ೧೪೦೦ ಕಿಲೋಮೀಟರ ಹರಿದು, ಆಂಧ್ರದ ಹಂಸಲದೀವಿಯ ಬಳಿ ಬಂಗಾಲದ ಉಪಸಾಗರವನ್ನು ಕೂಡುವಳು. ಈ ದೀರ್ಘ ಪ್ರವಾಸದಲ್ಲಿ ಕರ್ನಾಟಕದ ಹೆಬ್ಬಾಗಿಲು ನಮ್ಮ ಸೀಮೆಯೇ ಆಗಿದೆ. ನರಸೋಬವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಸಿಕೊಂಡು, ರಾಜಾಪುರದ ಒಡ್ಡನ್ನು ದಾಟಿ, ಅವಳು ಕಾಗವಾಡ ಮತ್ತು ಚಿಕ್ಕೋಡಿ ತಾಲೂಕುಗಳ ನಡುವೆ ಪ್ರವೇಶಿಸುವಳು. ನಿಪ್ಪಾಣಿಯ ಸಮೀಪ ಯಮಗರ್ಣಿಯ ಬಳಿ ಹರಿಯುವ ವೇದಗಂಗೆಯು ದೂಧಗಂಗೆಯನ್ನು ಸೇರುವದು. ಆ ದೂಧಗಂಗೆಯು ಸದಲಗೆಯ ಮಗ್ಗುಲಿಂದ ಸಾಗಿ ಕಲ್ಲೋಳ, ಯಡೂರಗಳ ಪರಿಸರದಲ್ಲಿ ಕೃಷ್ಣೆಯನ್ನು ಸೇರುವದು. ಮುಂದೆ ಕುಡಚಿ, ಉಗಾರಗಳ ದಂಡೆಯನ್ನು ಸವರಿ, ರಾಯಬಾಗ, ಅಥಣಿ ತಾಲೂಕುಗಳಿಗೆ ನೀರುಣಿಸಿ, ಕೃಷ್ಣೆಯು ಹಿಪ್ಪರಗಿಯ ಬ್ಯಾರೇಜಿನಲ್ಲಿ ತಂಗುವಳು. ಆಲಮಟ್ಟಿ, ನಾರಾಯಣಪುರ, ಜುರಾಲ, ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡಗಳನ್ನು ಕಳೆದ ಮೇಲೆ ಸಮುದ್ರವು.

ಹೀಗಿರಲು, ನಿಪ್ಪಾಣಿಯ ಗಟಾರಕ್ಕೆ ಬಿದ್ದ ಒಂದು ಬೊಗಸೆ ಹೊಲಸು ಎಂಥ ಪ್ರವಾಸಕ್ಕೆ ಹೊರಟಿತೆಂಬುದನ್ನು ವಾಚಕರೇ ಊಹಿಸಬಹುದು. ಅದರಲ್ಲಿ ಎರಡು ಜಾತಿಗಳುಂಟು. ಕೊಳೆಯುವಂಥ ಹೊಲಸು ಬಹುಮಟ್ಟಿಗೆ ದಾರಿಯಲ್ಲಿಯೇ ಕೊಳೆತು, ನಮ್ಮ ಹೊಳೆಯ ಉಸಿರನ್ನೇ ಕಟ್ಟುವದು. ಕೊಳೆಯದಂಥದು, ಎಂದರೆ ಪ್ಲಾಸ್ಟಿಕು ಮೊದಲಾದದ್ದು, ಒಡ್ಡಿನ ಹಿಂದೆ ಕೆಲಕಾಲ ಕುಳಿತು, ಮಹಾಪೂರ ಬಂದಾಗ ಎದ್ದು ಮುಂದಕ್ಕೆ ಸಾಗುವದು. ಮೊದಲನೆಯದು ಹೊಳೆಯ ಮೀನಿನ ಕಥೆ. ಎರಡನೆಯದು ಸಮುದ್ರದ ಆಮೆಯ ಕಥೆ. ಎರಡಕ್ಕೂ ಆರಂಭದ ಸ್ಥಳವು ಒಂದೇ.

ಮೀನೂ ನಮ್ಮಂತೆಯೇ ಉಸಿರಾಡುವ ಪ್ರಾಣಿ. ನೀರಿನಲ್ಲಿ ಕರಗಿದ ಆಮ್ಲಜನಕವೇ ಅದರ ಉಸಿರು. ಆ ಆಮ್ಲಜನಕದ ಪ್ರಮಾಣವಾದರೂ ಬಲು ಅಲ್ಪ. ೩೦ ಡಿಗ್ರಿ ಉಷ್ಣತೆಯ ಶುದ್ಧವಾದ ನೀರಿನಲ್ಲಿ ಲೀಟರಿಗೆ ಏಳೂವರೆ ಮಿಲಿಗ್ರಾಮಿನಷ್ಟು ಮಾತ್ರ ಅದು ಕರಗಿರುವದು. ನೀರು ಬೆಚ್ಚಗಾದಷ್ಟೂ ಇನ್ನೂ ಕಡಿಮೆಯಾಗುವದು. ಮಲಮೂತ್ರ, ಅಡಿಗೆಮನೆಯ ಮುಸುರೆ, ಕಾರಖಾನೆಗಳ ಹೊಲಸುನೀರು ಹೊಳೆಗೆ ಬಿದ್ದೊಡನೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಿಗೆ ಹಬ್ಬವಾಗುವದು. ಅವು ಹೊಲಸನ್ನು ತಿಂದು ಕೋಟಿಗಟ್ಟಲೆ ಹೆಚ್ಚುವವು. ತಿನ್ನುವಾಗ ನೀರಿನ ಆಮ್ಲಜನಕವನ್ನು ಹೀರುವವು. ಒಂದು ಲೀಟರ ನೀರಿನಲ್ಲಿಯ ಹೊಲಸನ್ನು ಜೀರ್ಣಿಸಲು ಇವಕ್ಕೆ ಬೇಕಾಗುವ ಆಮ್ಲಜನಕದ ಅಳತೆಗೆ ಶಾಸ್ತ್ರಜ್ಞರು ಬಿ. ಓ. ಡಿ. ಎಂದು ಹೆಸರಿಟ್ಟಿದ್ದಾರೆ. ಸ್ನಾನಕ್ಕೆ ಯೋಗ್ಯವೆನಿಸುವ ಹೊಳೆಯಲ್ಲಿ ಇದು ೩ ಮಿಲಿಗ್ರಾಮನ್ನು ಮೀರಬಾರದು. ಕರಗಿದ ಆಮ್ಲಜನಕವು ೫ ಮಿಲಿಗ್ರಾಮಿಗೆ ಕಡಿಮೆಯಿರಬಾರದು. ಶುದ್ಧಿಮಾಡದ ಊರಿನ ಗಟಾರದ ನೀರಿನಲ್ಲಿ ಬಿ. ಓ. ಡಿ.ಯು ಸಾಮಾನ್ಯವಾಗಿ ೨೦೦ರಿಂದ ೩೦೦ರ ವರೆಗೆ ಇರುವದು. ಕಾಕಂಬಿಯಿಂದ ಮದ್ಯಸಾರವನ್ನು ಇಳಿಸಿದ ಮೇಲೆ ಉಳಿಯುವ ಕಪ್ಪುನೀರಿನಲ್ಲಿ ಅದು ೪೦ ಸಾವಿರವನ್ನೂ ಮೀರುವದುಂಟು. ಲೆಕ್ಕವನ್ನು ಬಲ್ಲ ಏಳನೆಯ ಇಯತ್ತೆಯ ಹುಡುಗನು ಸಹ ಇದರ ಅರ್ಥವನ್ನು ತಿಳಿಯಬಲ್ಲನು.

ನಮ್ಮ ಸೀಮೆಯಲ್ಲಿ ಈ ಆಪತ್ತಿಗೆ ಕಾಲವೂ ಒದಗಿಬರುವದು. ಚಳಿಗಾಲದಿಂದ ಬೇಸಿಗೆಯ ಆರಂಭದ ವರೆಗೆ ಕಬ್ಬು ನುರಿಸುವ ಹಂಗಾಮು. ಅದೇ ಹೊತ್ತಿಗೆ ಹೊಳೆಯ ಓಟ ಕುಗ್ಗಿ, ನೀರು ಒಡ್ಡುಗಳ ಹಿಂದೆ ಮಡುವಾಗಿ ನಿಲ್ಲುವದು. ಮಳೆಗಾಲದ ಕೃಷ್ಣೆಯು ನುಂಗಿ ಜೀರ್ಣಿಸಬಲ್ಲ ಹೊಲಸನ್ನು ಮಾರ್ಚ ತಿಂಗಳಿನ ಕೃಷ್ಣೆಯು ಜೀರ್ಣಿಸಲಾರಳು. ಆಗ ಕಟ್ಲಾ, ರೋಹು ಮೊದಲಾದ ಮೀನುಗಳು ಮೇಲಕ್ಕೆ ಬಂದು ಬಾಯ್ದೆರೆದು ಉಸಿರಿಗಾಗಿ ಹೆಣಗುವವು. ಮೀನಿನ ಸುಗ್ಗಿಯೇ ಬಂದಿತೆಂದು ಬುಟ್ಟಿ ಹಿಡಿದು ಓಡುವವರೂ ಉಂಟು! ಅದು ಸುಗ್ಗಿಯಲ್ಲ, ಹೊಳೆಯ ಮರಣಕಾಲದ ತಳಮಳವೆಂಬುದನ್ನು ಅವರಿಗೆ ಯಾರೂ ಕಲಿಸಿಲ್ಲ.

ಇದು ಬರಿಯ ಪುಸ್ತಕದ ಮಾತಲ್ಲ. ೨೦೨೩ರ ಮಾರ್ಚ ತಿಂಗಳಿನಲ್ಲಿ, ನಮ್ಮ ಗಡಿಯ ಮೇಲ್ಭಾಗದಲ್ಲಿ, ಸಾಂಗಲಿಯ ಬಳಿ ಕೃಷ್ಣೆಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು. ಪಂಚಗಂಗೆಯಲ್ಲಿ ಇಂಥ ದೃಶ್ಯವು ಹಲವು ಬೇಸಿಗೆಗಳಲ್ಲಿ ಕಾಣಿಸಿಕೊಂಡಿದೆ; ಕೊಲ್ಹಾಪುರ, ಇಚಲಕರಂಜಿಗಳ ಹೊಲಸು ಆ ನದಿಗೆ ಇಳಿಯುವ ವಿಚಾರವು ಮುಂಬಯಿ ಹಾಯಕೋರ್ಟಿನ ಮೆಟ್ಟಿಲನ್ನೂ ಏರಿದೆ. ಮೀನಿನ ಮರಣವನ್ನು ಅಲಕ್ಷಿಸಿದವರಿಗೆ ಮುಂದಿನ ಪಾಠವು ಮನೆಯಲ್ಲಿಯೇ ಆಗುವದು. ೨೦೧೨ರಲ್ಲಿ ಇಚಲಕರಂಜಿಯಲ್ಲಿ ಕಾಮಾಲೆಯ ಬೇನೆಯು ಹಬ್ಬಿ ಸಾವಿರಾರು ಜನರು ಹಾಸಿಗೆ ಹಿಡಿದರು, ಪ್ರಾಣಹಾನಿಯೂ ಆಯಿತು. ಕಾಮಾಲೆಯಲ್ಲಿ ಹೀಗೆ ಊರಿಗೆ ಊರೇ ಹಬ್ಬುವ ಬಗೆಯು ಮಲವು ಬೆರೆತ ನೀರಿನಿಂದ ಬರತಕ್ಕದ್ದು. ವಿಷಮಜ್ವರ, ವಾಂತಿಭೇದಿ, ರಕ್ತಭೇದಿಗಳೂ ಅದೇ ದಾರಿಯಿಂದ ಬರುವ ಅತಿಥಿಗಳು. ಮೀನು ಮೊದಲು ಸಾಯುವದು, ಮನುಷ್ಯನು ಆಮೇಲೆ ಮಲಗುವನು. ಮೀನಿನ ಸಾವನ್ನು ಎಚ್ಚರಿಕೆಯ ಘಂಟೆಯೆಂದು ತಿಳಿಯದ ಊರು ತನ್ನ ವೈದ್ಯರಿಗೆ ಕೆಲಸವನ್ನು ತಾನೇ ಹೆಚ್ಚಿಸಿಕೊಳ್ಳುವದು.

ಇಲ್ಲಿಗೆ ಬಂದೊಡನೆ ನಮ್ಮವರಲ್ಲಿ ಅನೇಕರು ಬೆರಳನ್ನು ಮೇಲಕ್ಕೆ ತೋರಿಸುವರು. “ಹೊಲಸು ಮಾಡುವವರು ಮಹಾರಾಷ್ಟ್ರದವರು, ಅನುಭವಿಸುವವರು ನಾವು” ಎಂಬುದು ನಮ್ಮ ಪಟ್ಟಣಗಳ ಕಟ್ಟೆಗಳ ಮೇಲೆ ನಿತ್ಯ ಕೇಳಿಬರುವ ಮಾತು. ಕರ್ನಾಟಕದ ಹಿತಕ್ಕಾಗಿ ಲೇಖನಿಯನ್ನು ಹಿಡಿದ ನಮಗೆ ಈ ಮಾತಿನಲ್ಲಿಯ ಸತ್ಯವನ್ನು ಅಲ್ಲಗಳೆಯಬೇಕಾಗಿಲ್ಲ. ಮೇಲಿನವರಿಂದ ಶುದ್ಧವಾದ ನೀರನ್ನು ಕೇಳುವ ಹಕ್ಕು ನಮಗುಂಟು. ಅದನ್ನು ನಮ್ಮ ಸರಕಾರವು ಧೈರ್ಯದಿಂದ ಕೇಳತಕ್ಕದ್ದು. ಆದರೆ ಆ ಹಕ್ಕಿನ ಬಲವು ನಮ್ಮ ನಡತೆಯಲ್ಲಿದೆ. ಹಿಪ್ಪರಗಿಯ ಕೆಳಗಿನ ಜಮಖಂಡಿ ಸೀಮೆಯವನು ಇದೇ ಮಾತನ್ನು ನಮ್ಮ ಕಡೆಗೆ ತಿರುಗಿಸಿದರೆ ನಾವು ಏನೆಂದು ಉತ್ತರ ಕೊಡುವೆವು? ಕೇಂದ್ರದ ಮಾಲಿನ್ಯ ನಿಯಂತ್ರಣ ಮಂಡಳಿಯು ೨೦೧೮ರಲ್ಲಿ ದೇಶದ ೩೫೧ ನದೀಭಾಗಗಳನ್ನು ಮಲಿನವೆಂದು ಪಟ್ಟಿಮಾಡಿತು. ಕರ್ನಾಟಕದ ಪಾಲಿಗೆ ಅದರಲ್ಲಿ ೧೭ ಬಂದವು. ಆ ಹದಿನೇಳರಲ್ಲಿ ಕೃಷ್ಣೆಯೂ ಒಂದು. ಅವಳ ಮಲಿನಭಾಗವನ್ನು ಎಣಿಸಲಾರಂಭಿಸಿದ್ದು ನಮ್ಮ ಚಿಕ್ಕೋಡಿ ತಾಲೂಕಿನ ಯಡೂರವಾಡಿಯಿಂದ. ಮುಗಿಸಿದ್ದು ತಿಂಥಣಿಯ ಸೇತುವೆಯಲ್ಲಿ. ಈ ಉದ್ದಳತೆಯೆಲ್ಲವೂ ಕರ್ನಾಟಕದ ನೆಲವೇ. ನೀರಿಗೆ ಪ್ರಾಂತದ ಗಡಿಯಿಲ್ಲ. ಮೀನಿಗೆ ಮರಾಠಿ ಕನ್ನಡಗಳ ಭೇದವಿಲ್ಲ. ಮೇಲಿನ ಊರಿಗೆ ನಾವು ಹೇಳುವ ನೀತಿಯನ್ನು ಕೆಳಗಿನ ಊರಿಗಾಗಿ ನಾವು ಪಾಲಿಸದಿದ್ದರೆ, ಅದು ಪುರಾಣ ಹೇಳುವದಕ್ಕೆ, ಬದನೆಕಾಯಿ ತಿನ್ನುವದಕ್ಕೆ ಎಂಬ ಗಾದೆಯ ಮಾತಾಗುವದು.

ಇನ್ನು ಸಮುದ್ರದ ಆಮೆಯ ಕಥೆ. ಕೃಷ್ಣೆಯು ಸಮುದ್ರವನ್ನು ಸೇರುವ ಆಂಧ್ರದ ಕರಾವಳಿಯಲ್ಲಿ ಆಲಿವ್ ರಿಡ್ಲಿಯೆಂಬ ಕಡಲಾಮೆಗಳು ಪ್ರತಿವರ್ಷ ಮರಳಿನಲ್ಲಿ ತತ್ತಿಯಿಡಲು ದಂಡೆಗೆ ಬರುವವು. ಕಡಲಾಮೆಗಳ ಆಹಾರಗಳಲ್ಲಿ ಲೋಳೆಮೀನೂ ಒಂದು. ನೀರಿನಲ್ಲಿ ತೇಲುವ ತೆಳ್ಳನೆಯ ಪ್ಲಾಸ್ಟಿಕ ಚೀಲವು ಲೋಳೆಮೀನಿನಂತೆಯೇ ತೋರುವದರಿಂದ ಆಮೆಯು ಅದನ್ನು ನುಂಗುವದು. ಅದು ಕರುಳಿನಲ್ಲಿ ಸಿಕ್ಕಿಕೊಂಡು ಪ್ರಾಣಿಯು ಹೊಟ್ಟೆ ತುಂಬಿದಂತೆಯೇ ಇದ್ದು ಉಪವಾಸದಿಂದ ಸಾಯುವದು. ಪ್ಲಾಸ್ಟಿಕು ಬಿಸಿಲಿಗೆ ಒಡೆದು ಕಣಕಣವಾದರೂ ನಾಶವಾಗುವದಿಲ್ಲ. ೨೦೨೦ರಲ್ಲಿ ಮಣಿಪಾಲದ ಸಂಶೋಧಕರು ನಮ್ಮ ನಾಡಿನ ನೇತ್ರಾವತಿಯನ್ನು ಘಟ್ಟದಿಂದ ಸಮುದ್ರದ ವರೆಗೆ ಪರೀಕ್ಷಿಸಿ, ನೀರಿನಲ್ಲಿ, ಕೆಸರಿನಲ್ಲಿ, ದಂಡೆಯ ಮಣ್ಣಿನಲ್ಲಿ ಸಹ ಇಂಥ ಕಣಗಳನ್ನು ಕಂಡು ಪ್ರಕಟಿಸಿದರು. ಸಣ್ಣ ಮೀನು ಕಣವನ್ನು ನುಂಗುವದು, ದೊಡ್ಡ ಮೀನು ಸಣ್ಣದನ್ನು ನುಂಗುವದು, ದೊಡ್ಡದು ಮನುಷ್ಯನ ತಟ್ಟೆಗೆ ಬರುವದು. ೨೦೧೯ರ ಮತ್ತು ೨೦೨೧ರ ಮಹಾಪೂರಗಳನ್ನು ನಮ್ಮ ಐದೂ ತಾಲೂಕುಗಳವರು ಮರೆತಿಲ್ಲ. ಪೂರ ಇಳಿದ ಮೇಲೆ ಹೊಳೆಯ ದಂಡೆಯ ಜಾಲಿಯ ಕಂಟಿಗಳಿಗೆ ಜೋತುಬೀಳುವ ಚಿಂದಿಚೀಲಗಳು ಇಲ್ಲಿಯೇ ಉಳಿದವು. ಉಳಿಯದೆ ಹೋದವುಗಳ ದಾರಿ ಯಾವದೆಂಬುದನ್ನು ಮೇಲೆ ಹೇಳಿದ್ದೇವೆ. ದೇವರ ನಿರ್ಮಾಲ್ಯವನ್ನು ಪ್ಲಾಸ್ಟಿಕ ಚೀಲದಲ್ಲಿ ಕಟ್ಟಿ ಭಕ್ತಿಯಿಂದ ಹೊಳೆಗೆ ಬಿಡುವವರು ಹೂವನ್ನು ಗಂಗೆಗೂ ಚೀಲವನ್ನು ಆಮೆಗೂ ಅರ್ಪಿಸಿದಂತಾಗುವದು.

ಹಾಗಾದರೆ ಈ ಪಾಠವನ್ನು ಹೇಗೆ ಕಲಿಸಬೇಕು? ಚಿತ್ರವನ್ನು ತೋರಿಸಿ, ಉತ್ತರವನ್ನು ಬಾಯಿಪಾಠ ಮಾಡಿಸಿ, ಜೂನ ೫ರಂದು ಒಂದು ಮೆರವಣಿಗೆ ತೆಗೆದು ಮುಗಿಸುವದು ಸುಲಭ. ಆದರೆ ಹೊಳೆಯು ಇಷ್ಟು ಹತ್ತಿರವಿರುವಾಗ ಚಿತ್ರವೇಕೆ? ಊರಿನ ಮೇಲ್ಭಾಗದಲ್ಲೊಂದು, ಗಟಾರವು ಕೂಡಿದ ಕೆಳಭಾಗದಲ್ಲೊಂದು, ಹೀಗೆ ಎರಡು ಸ್ಥಳಗಳನ್ನು ಗೊತ್ತುಮಾಡಿ ತಿಂಗಳಿಗೊಮ್ಮೆ ಎರಡೂ ಕಡೆಯ ನೀರನ್ನು ಹೋಲಿಸಲಿ. ೧೮೬೫ರಲ್ಲಿ ಇಟಲಿಯ ಸೆಕ್ಕಿ ಎಂಬ ಪಂಡಿತನು ಬಳಸಿದ ಉಪಕರಣವನ್ನು ಹಳ್ಳಿಯ ಬಡಿಗನೂ ಮಾಡಿಕೊಟ್ಟಾನು: ಗೇಣಗಲದ ಒಂದು ತಟ್ಟೆಗೆ ಕಪ್ಪು ಬಿಳುಪು ಬಣ್ಣ ಬಳಿದು, ಭಾರ ಕಟ್ಟಿ, ಸೇತುವೆಯ ಮೇಲಿಂದ ಹಗ್ಗದಲ್ಲಿ ಇಳಿಬಿಡುವದು, ಎಷ್ಟು ಆಳಕ್ಕೆ ಅದು ಮರೆಯಾಗುವದೋ ಅಷ್ಟು ನೀರಿನ ತಿಳಿ. ೧೯೮೨ರಲ್ಲಿ ಗ್ವಾಲಿಯರದ ನಮ್ಮ ವಿಜ್ಞಾನಿಗಳು ಪ್ರಕಟಿಸಿದ ಇನ್ನೊಂದು ಪರೀಕ್ಷೆಯುಂಟು. ಔಷಧದ ಕಾಗದವಿರುವ ಸಣ್ಣ ಸೀಸೆಗೆ ನೀರನ್ನು ತುಂಬಿ ಒಂದೆರಡು ದಿನ ಬೆಚ್ಚಗಿಟ್ಟರೆ, ಮಲದ ಸಂಪರ್ಕವುಳ್ಳ ನೀರಿನ ಸೀಸೆ ಕಪ್ಪಾಗುವದು. ಅದರ ಬೆಲೆಯು ಅಲ್ಪ. ಅದು ಕಲಿಸುವ ಪಾಠವು ದೊಡ್ಡದು. ಕಪ್ಪಾದ ಸೀಸೆಯನ್ನು ಬ್ಲೀಚಿಂಗ ಪುಡಿಯಿಂದ ಶುದ್ಧಮಾಡದೆ ಚೆಲ್ಲಬಾರದೆಂಬುದನ್ನು ಮಾತ್ರ ಮಾಸ್ತರರು ನೋಡಿಕೊಳ್ಳಬೇಕು. ದಂಡೆಯ ಕಲ್ಲುಗಳ ಕೆಳಗಿನ ಹುಳುಗಳೂ ಸಾಕ್ಷಿ ಹೇಳುವವು: ಮೂರೆಳೆಯ ಬಾಲದ ಸಣ್ಣ ಹುಳುಗಳಿದ್ದರೆ ನೀರಿಗೆ ಉಸಿರಿದೆ, ಕೆಸರಿನಲ್ಲಿ ಕೆಂಪು ನೂಲಿನಂಥ ಹುಳುಗಳು ಮಾತ್ರ ಉಳಿದಿದ್ದರೆ ಉಸಿರು ಅಡಗುತ್ತ ಬಂದಿದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಗಟಾರದ ನಕ್ಷೆ. ತನ್ನ ಮನೆಯ ಮೋರಿಯ ನೀರು ಯಾವ ಓಣಿಯ ಗಟಾರವನ್ನು, ಆ ಗಟಾರವು ಯಾವ ಹಳ್ಳವನ್ನು, ಆ ಹಳ್ಳವು ಯಾವ ಹೊಳೆಯನ್ನು ಸೇರುವದೆಂಬುದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ನಡೆದು ನೋಡಿ ಬರೆಯಲಿ. ಮಲದ ಗುಂಡಿಯನ್ನು ಬರಿದುಮಾಡುವ ಟ್ಯಾಂಕರು ಅದನ್ನು ಎಲ್ಲಿ ಸುರಿಯುವದೆಂದು ವಿಚಾರಿಸಲಿ. ೨೦೧೪ರಲ್ಲಿ ಆರಂಭವಾದ ಸ್ವಚ್ಛ ಭಾರತದ ಆಂದೋಲನದಿಂದ ಮನೆಮನೆಗೆ ಶೌಚಗೃಹಗಳಾದದ್ದು ಒಳ್ಳೆಯದೇ. ಆದರೆ ಗುಂಡಿಯಲ್ಲಿ ತುಂಬಿದ್ದು ಕಡೆಗೆ ಹಳ್ಳಕ್ಕೇ ಹೋಗುವದಾದರೆ ಬಯಲಿನ ಹೊಲಸನ್ನು ನೀರಿಗೆ ಸಾಗಿಸಿದಷ್ಟೇ ಆಯಿತು.

“ಮಾಸ್ತರರಿಗೆ ಈಗಿನ ಕೆಲಸವೇ ಮಿಕ್ಕಿದೆ, ಹೊಳೆಯಲ್ಲಿ ಮಡುಗಳುಂಟು, ಮೊಸಳೆಗಳುಂಟು, ಮಕ್ಕಳ ಜವಾಬುದಾರಿ ಯಾರದು?” ಎಂದು ಆಕ್ಷೇಪಿಸುವವರಿಗೆ ನಮ್ಮ ಉತ್ತರವಿಷ್ಟೇ. ಮೊಸಳೆಯ ಮಾತು ಸುಳ್ಳಲ್ಲ. ಆದ್ದರಿಂದ ಮಕ್ಕಳು ನೀರಿಗೆ ಇಳಿಯಲೇಕೂಡದು. ಸೇತುವೆ, ಘಟ್ಟಗಳ ಮೇಲಿಂದಲೇ ಪರೀಕ್ಷೆ ಮಾಡಬೇಕು. ನೀರು ಮೊಗೆಯುವದೂ ಕಲ್ಲು ಮಗುಚುವದೂ ಹಿರಿಯರ ಕೈಯಿಂದಲೇ ಆಗಬೇಕು. ಜಲಜೀವನ ಯೋಜನೆಯಲ್ಲಿ ಹಳ್ಳಿಗಳಿಗೆ ನೀರಿನ ಪರೀಕ್ಷೆಯ ಪೆಟ್ಟಿಗೆಗಳನ್ನು ಕೊಟ್ಟು ಸ್ತ್ರೀಯರಿಗೆ ತರಬೇತಿಯನ್ನು ಕೊಡುವ ಏರ್ಪಾಡಿದೆ. ಆ ತಾಯಂದಿರೂ ಹೈಸ್ಕೂಲಿನ ವಿಜ್ಞಾನದ ಮಾಸ್ತರರೂ ಕೂಡಿದರೆ ಭಾರವು ಹಗುರಾಗುವದು. ಚಿಕ್ಕೋಡಿಯು ಸ್ವತಂತ್ರವಾದ ಶೈಕ್ಷಣಿಕ ಜಿಲ್ಲೆಯಾಗಿರುವದರಿಂದ ಅಲ್ಲಿಯ ಅಧಿಕಾರಿಗಳು ಮನಸ್ಸು ಮಾಡಿದರೆ ಐದೂ ತಾಲೂಕುಗಳಲ್ಲಿ ಒಂದೇ ಕ್ರಮವನ್ನು ಜಾರಿಗೆ ತರಬಹುದು.

ಆದರೆ, ಮಹಾಜನರೇ, ವಿಚಾರಿಸತಕ್ಕ ನಿಜವಾದ ವಿಷಯವು ಮುಂದಿದೆ. ಹುಡುಗನು ನಕ್ಷೆಯನ್ನು ಬರೆದು ತಂದು, ಸೀಸೆ ಕಪ್ಪಾದದ್ದನ್ನು ತೋರಿಸಿ, “ಅಪ್ಪಾ, ನಮ್ಮೂರಿನ ಗಟಾರವನ್ನು ಹೀಗೆಯೇ ಹೊಳೆಗೆ ಬಿಡಬಹುದೇ?” ಎಂದು ಕೇಳುವನು. ಅಪ್ಪನು ಪುರಸಭೆಯ ಸದಸ್ಯನಿರಬಹುದು, ಕಾರಖಾನೆಯ ಕಾರಕೂನನಿರಬಹುದು, ಸರಕಾರದ ಅಧಿಕಾರಿಯಿರಬಹುದು. ೧೯೭೪ರ ಜಲಮಾಲಿನ್ಯದ ಕಾಯಿದೆಯ ೨೪ನೆಯ ಕಲಮು ಹೊಳೆಹಳ್ಳಗಳಿಗೆ ಹೊಲಸನ್ನು ಬಿಡುವದನ್ನು ನಿಷೇಧಿಸಿದೆಯೆಂದು ಹುಡುಗನು ಶಾಲೆಯಲ್ಲಿ ಓದಿರುವನು. ಒಮ್ಮೆ ಮಾತ್ರ ಬಳಸಿ ಬಿಸುಡುವ ಪ್ಲಾಸ್ಟಿಕಿನ ಹಲವು ಸಾಮಾನುಗಳು ೨೦೨೨ರ ಜುಲೈ ೧ರಿಂದ ದೇಶದಲ್ಲಿ ನಿಷಿದ್ಧವೆಂದೂ ಓದಿರುವನು. ಶಾಲೆಯಿಂದ ಮನೆಗೆ ಬರುವ ದಾರಿಯಲ್ಲಿ ಅವನ ಕಣ್ಣು ಬೇರೆಯದನ್ನೇ ಓದುವದು. ಆಗ ಹಿರಿಯರು ಮೌನವಾಗಿದ್ದರೆ, ಹುಡುಗನು ಕಲಿಯುವದು ನೀರಿನ ಪಾಠವನ್ನಲ್ಲ. ಪುಸ್ತಕದ ಮಾತು ಬೇರೆ, ಲೋಕದ ನಡೆ ಬೇರೆ ಎಂಬ ಪಾಠವನ್ನು. ಅದನ್ನು ಕಲಿತ ಪೀಳಿಗೆಯಿಂದ ನಾಡಿಗೆ ಒದಗುವ ಹಾನಿಯು ಸತ್ತ ಮೀನಿಗಿಂತಲೂ ಹೆಚ್ಚಿನದು.

ಅಸಾಧ್ಯವಾದದ್ದನ್ನು ನಾವು ಬೇಡುತ್ತಲಿಲ್ಲ. ನಮ್ಮ ಕರ್ನಾಟಕದ ದೇವನಹಳ್ಳಿಯೆಂಬ ಸಣ್ಣ ಪಟ್ಟಣದಲ್ಲಿ ೨೦೧೫ರಲ್ಲಿ ಮಲದ ಗುಂಡಿಗಳ ಹೂಳನ್ನು ಶುದ್ಧಿಮಾಡುವ ಕೇಂದ್ರವೊಂದು ಆರಂಭವಾಯಿತು. ನಮ್ಮ ದೇಶದಲ್ಲಿ ಒಂದು ಪಟ್ಟಣಕ್ಕಾಗಿ ಕಟ್ಟಿದ ಮೊದಲಿನ ಕೇಂದ್ರವೆಂದು ಅದು ಹೆಸರಾಗಿದೆ. ಅಲ್ಲಿ ಹೊಲಸು ಗೊಬ್ಬರವಾಗಿ ರೈತನ ಹೊಲವನ್ನು ಸೇರುವದು. ಕಬ್ಬಿನ ನಾಡಾದ ನಮಗೆ ಗೊಬ್ಬರದ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೊರದೇಶದ ಉದಾಹರಣೆ ಬೇಕಾದರೆ ಲಂಡನ್ನಿನ ಥೇಮ್ಸ ನದಿಯುಂಟು. ೧೮೫೮ರ ಬೇಸಿಗೆಯಲ್ಲಿ ಅದರ ದುರ್ಗಂಧಕ್ಕೆ ಪಾರ್ಲಿಮೆಂಟಿನ ಸದಸ್ಯರೇ ಮೂಗು ಮುಚ್ಚಿಕೊಂಡರು. ೧೯೫೭ರಲ್ಲಿ ಆ ನದಿಯು ಜೀವರಹಿತವೆಂದು ಪ್ರಾಣಿಶಾಸ್ತ್ರಜ್ಞರು ಸಾರಿದರು. ಗಟಾರದ ನೀರನ್ನು ಶುದ್ಧಿಮಾಡುವ ಕೇಂದ್ರಗಳನ್ನು ಸುಧಾರಿಸಿದ ಮೇಲೆ ೧೯೭೪ರಲ್ಲಿ ಸಾಲ್ಮನ್ ಮೀನು ಮರಳಿ ಅಲ್ಲಿ ಕಾಣಿಸಿಕೊಂಡಿತು. ನದಿಯು ತನ್ನನ್ನು ತಾನು ತೊಳೆದುಕೊಳ್ಳಬಲ್ಲದು. ನಾವು ಮತ್ತೆ ಮತ್ತೆ ಹೊಲಸು ಮಾಡದಿದ್ದರೆ ಸಾಕು.

ಆದ್ದರಿಂದ ನಮ್ಮ ಸೂಚನೆಗಳು ಮೂರು. ಪ್ರತಿಯೊಂದು ಪುರಸಭೆಯೂ ಊರಿನ ಗಟಾರದ ನೀರು ಎಷ್ಟು, ಅದರಲ್ಲಿ ಶುದ್ಧವಾಗುವದೆಷ್ಟು, ಶುದ್ಧವಾಗದೆ ಹರಿಯುವದೆಷ್ಟು ಎಂಬ ಲೆಕ್ಕವನ್ನು ತನ್ನ ಕಚೇರಿಯ ಬಾಗಿಲಿನ ಫಲಕದ ಮೇಲೆ ಬರೆಯಲಿ. ಮಾಲಿನ್ಯ ನಿಯಂತ್ರಣ 
ಮಂಡಳಿಯು ನಮ್ಮ ಹೊಳೆಗಳಿಂದ ತೆಗೆದ ನೀರಿನ ಪರೀಕ್ಷೆಯ ಫಲವನ್ನು ಜನರು ಓದಬಲ್ಲ ಕನ್ನಡದಲ್ಲಿ, ಕಬ್ಬಿನ ಹಂಗಾಮಿನಲ್ಲಿ ಪ್ರತಿತಿಂಗಳು, ಶಾಲೆಗಳಿಗೂ ಗ್ರಾಮಪಂಚಾಯತಿಗಳಿಗೂ ಕಳಿಸಲಿ. ವಿದ್ಯಾರ್ಥಿಗಳು ತಮ್ಮ ಪರೀಕ್ಷೆಯ ಕೋಷ್ಟಕವನ್ನು ಅದರ ಮಗ್ಗುಲಿಗಿಟ್ಟು ಹೋಲಿಸಲಿ. ಅಂಥ ಕೋಷ್ಟಕಗಳನ್ನು ಯಾವ ಶಾಲೆಯಿಂದ ಕಳಿಸಿದರೂ ನಮ್ಮ ಪತ್ರಿಕೆಯಲ್ಲಿ ಸಂತೋಷದಿಂದ ಪ್ರಕಟಿಸುವೆವು.

ಮುಂದಿನ ಮಾರ್ಚ ತಿಂಗಳು ಬಹು ದೂರವಿಲ್ಲ. ಕಾರಖಾನೆಗಳ ಹೊಗೆ ಏಳುವದು, ಹೊಳೆಯ ಓಟ ಇಳಿಯುವದು, ಮೀನುಗಳು ಮತ್ತೆ ಆ ಮಡುಗಳಲ್ಲಿಯೇ ಇರುವವು. ಪಾಠವನ್ನು ಓದಿದವರು ಹುಡುಗರು. ಅದರ ಪರೀಕ್ಷೆಗೆ ಕುಳಿತವರು ಹಿರಿಯರು. ಉತ್ತರಪತ್ರಿಕೆಯನ್ನು ಹೊಳೆಯ ದಂಡೆಯ ಮೇಲೆ ಯಾರು ಬೇಕಾದರೂ ನೋಡಬಹುದು.